ಮಾವನವರ ರಾಗ

ಮೊನ್ನೆ ಮೊಮ್ಮಗಳು ಊಟಕ್ಕೆ ಕರೆದರೂ ಏಳಲಿಲ್ಲ. ಕಿಟಕಿಯ ಹತ್ತಿರ ಕೂತು ಬೀದಿ ನೋಡುತ್ತಿದ್ದಳು. ಏನಾಯಿತೆಂದು ಕೇಳಿದೆ.

“ಏನಿಲ್ಲ ಆಯಿ. ಮೂಡ್ ಆಫ್ ಆಗ್ಯಾದ.”

“ಆಫ್ ಅಂದ್ರ ಏನವ್ವಾ? ಸಿಟ್ಟೇನು?”

“ಅಲ್ಲ.”

“ಮುನಿಸೇನು?”

“ಅದೂ ಅಲ್ಲ.”

“ಸೆಡವೇನು?”

“ಅಂದ್ರ ಏನು?” ಎಂದು ತಿರುಗಿ ನನ್ನನ್ನೇ ಕೇಳಿದಳು. ಅಷ್ಟು ಓದಿದ ಹುಡುಗಿಗೆ ಸೆಡವು ಗೊತ್ತಿಲ್ಲ. ಗೊತ್ತಿಲ್ಲದೆಯೇ ಎಷ್ಟು ಚೆನ್ನಾಗಿ ಸೆಡೆದುಕೊಂಡು ಕೂತಿದ್ದಾಳೆ ನೋಡಿ ಎಂದು ನನಗೆ ಅಚ್ಚರಿಯಾಯಿತು.

ನಮ್ಮ ಕಾಲದಲ್ಲಿ ಹೀಗೆ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸುವ ಹಾಗಿರಲಿಲ್ಲ. ಅದರಲ್ಲೂ ನಮ್ಮವ್ವನ ಮುಂದೆ ಸಾಧ್ಯವೇ ಇರಲಿಲ್ಲ. ಅವ್ವ ಭಾಲ್ಕಿಯವಳು. ದೊಡ್ಡಪ್ಪ, ಚಿಕ್ಕಪ್ಪ, ಅವರ ಹೆಂಡಿರು, ಮಕ್ಕಳು, ಗಂಡ ಸತ್ತು ತವರಿಗೆ ಬಂದ ಅತ್ತೆ ಎಲ್ಲರೂ ಒಂದೇ ಒಲೆಯ ಮುಂದೆ ಉಣ್ಣುವ ಮನೆಯಲ್ಲಿ ಬೆಳೆದವಳು. ಅಷ್ಟು ಮಂದಿಯ ನಡುವೆ ಬೆಳೆಯುವ ಹುಡುಗಿಗೆ ಯಾರ ಮುಖ ಯಾವ ಹೊತ್ತಿಗೆ ಹೇಗಿದೆ ಎಂಬುದು ತಿಳಿಯದಿದ್ದರೆ ಊಟವೂ ಸಿಗುವುದಿಲ್ಲ. ಹಾಗಾಗಿ ಅವ್ವನಿಗೆ ಮನುಷ್ಯರ ಮೋರೆಗಳನ್ನು ಓದುವುದು ಚೆನ್ನಾಗಿ ಬರುತ್ತಿತ್ತು. ಒಗ್ಗರಣೆಯಲ್ಲಿ ಬಿದ್ದ ಸಾಸಿವೆಯ ಹಾಗೆ ಚಟಪಟ ಅಂದು ಸುಮ್ಮನಾಗುವುದು ಸಿಡುಕು. ರಮಿಸುವವರು ಇದ್ದಾರೆ ಎಂಬ ನಂಬಿಕೆಯಿಂದ ಬರುವುದು ಮುನಿಸು. ಅದನ್ನು ಪರರ ಮೇಲೆ ತೋರಿಸಲು ಬರುವುದಿಲ್ಲ, ತೋರಿಸಿದರೆ ಯಾರೂ ಕೇಳುವುದೂ ಇಲ್ಲ. ಗೋಡೆಗೆ ಮುಖ ಮಾಡಿ, ಮೈ ಬಿಗಿದು, ಹಸಿವಾದರೂ ಉಣ್ಣದೆ ಕೂರುವುದು ಸೆಡವು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ದೊಡ್ಡದಾದರೆ “ಒಳಗ ಧುಸುಮುಸು ನಡದದ” ಎಂದು ಅವ್ವ ಅಂಗಳದಲ್ಲೇ ಕೂತು ಹೇಳುತ್ತಿದ್ದಳು. ಬೀದರಿನ ಪೇಟೆಯಿಂದ ಬಂದ ಮಾತುಗಳೂ ಅವಳ ಬಾಯಲ್ಲಿದ್ದವು. ಗಿರಾಕಿಗಳು ನಾರಾಜ ಆಗುತ್ತಿದ್ದರು, ಜಾಗೀರದಾರರು ಖಫಾ ಆಗುತ್ತಿದ್ದರು. ನಾವು ಮಕ್ಕಳು ಖಫಾ ಆಗಲು ಹೋದರೆ, “ಖಫಾ ಆಗ್ಲಾಕ ಮನ್ಯಾಗ ನಾಕು ಆಳು ಇರಬೇಕವ್ವಾ, ನೀ ಹೋಗಿ ನೀರು ತಾ” ಎನ್ನುತ್ತಿದ್ದಳು.

ಇವೆಲ್ಲಕ್ಕಿಂತ ಬೇರೆಯದು ಸಿಟ್ಟು. ಅದರ ವಿಷಯ ಬಂದರೆ ಅವ್ವ ಗಂಭೀರಳಾಗುತ್ತಿದ್ದಳು. ಯಾರ ಮೇಲೆ ಬರಬೇಕೋ ಅವರ ಮೇಲೆ ಬಂದರೆ ಮಾತ್ರ ಅದಕ್ಕೆ ಸಿಟ್ಟು ಎನ್ನಬೇಕು ಎಂಬುದು ಅವಳ ಲೆಕ್ಕ. ಈ ಲೆಕ್ಕ ಮುಂದೆ ನನ್ನನ್ನು ಎಂಥ ಕಷ್ಟಕ್ಕೆ ಸಿಕ್ಕಿಸಿತು, ಹೇಗೆ ಗೆಲ್ಲಿಸಿತು ಎಂಬುದನ್ನೇ ನಿಮಗೆ ಹೇಳಬೇಕೆಂದು ಕೂತಿದ್ದೇನೆ.

ಅಪ್ಪನಿಗೆ ಇದ್ಯಾವುದೂ ತಿಳಿಯುತ್ತಿರಲಿಲ್ಲ. ಅವನು ಚಿಂಚೋಳಿ ಕಡೆಯವನು, ಬೀದರಿಗೆ ಬಂದು ಅರಿವೆ ಅಂಗಡಿ ಇಟ್ಟಿದ್ದ. ಕನ್ನಡದ ಜೊತೆ ತೆಲುಗು ಬರುತ್ತಿತ್ತು, ಉರ್ದು ಬರುತ್ತಿತ್ತು. ಮರಾಠಿ ಮಾತ್ರ ಅಷ್ಟಕ್ಕಷ್ಟೆ. ಜೀವ ಎಲ್ಲ ಭಜನೆಯಲ್ಲಿ. ಅಂಗಡಿಯ ಗಾದಿಯ ಪಕ್ಕದಲ್ಲೇ ಹಾರ್ಮೋನಿಯಂ ಪೇಟಿ ಇಟ್ಟುಕೊಂಡಿದ್ದ. ಗಿರಾಕಿ ಸೀರೆ ಆರಿಸುವಷ್ಟರಲ್ಲಿ ಒಂದು ಪದ ಹಾಡಿಬಿಡುತ್ತಿದ್ದ. ಕೆಲವರು ಹಾಡು ನಿಲ್ಲಲಿ ಎಂದೇ ಬೇಗ ಆರಿಸಿಕೊಂಡು ಹೋಗುತ್ತಿದ್ದರು ಎಂದು ಅವ್ವ ನಗುತ್ತಿದ್ದಳು.

ಆ ಅಂಗಡಿಗೆ ಔರಾದದ ಕಡೆಯಿಂದ ಕಾಶಪ್ಪ ಎಂಬ ದಲಾಲರು ಬರುತ್ತಿದ್ದರು. ಕಾಳುಕಡಿ ವ್ಯಾಪಾರ ಅವರದು. ಜೊತೆಗೆ ಗಂಡುಹೆಣ್ಣು ಹೊಂದಿಸುವ ಹವ್ಯಾಸವೂ ಇತ್ತು. ಗಡಿಸೀಮೆಯವರಾದ್ದರಿಂದ ಅವರ ಕನ್ನಡದ ಅರ್ಧ ಮರಾಠಿಯೇ ಆಗಿರುತ್ತಿತ್ತು. ನನಗೆ ಆಗ ಹದಿನಾರು. ಆ ಕಾಲಕ್ಕೆ ಅದು ತಡವೇ. ಡಾಬಕಾದ ಮಾಣಿಕಪ್ಪನವರ ಮಗನಿಗೆ ನನ್ನನ್ನು ಕೇಳುತ್ತಿದ್ದಾರೆ ಎಂದು ಕಾಶಪ್ಪ ಹೇಳಿದರು. ಹುಡುಗ ಗುಣವಂತ, ಹೊಲ ಇದೆ, ಮನೆಯಲ್ಲಿ ಲಿಂಗಪೂಜೆ ತಪ್ಪಿದ್ದಿಲ್ಲ. ಕಾಶಪ್ಪ ಪ್ರಾಮಾಣಿಕ ಮನುಷ್ಯ. ಒಳ್ಳೆಯದನ್ನೆಲ್ಲ ಹೇಳಿಯಾದ ಮೇಲೆ ಸ್ವಲ್ಪ ತಡೆದು ಹೇಳಿದರಂತೆ:

“ಒಂದು ಮಾತು ಮುಚ್ಚಿಡಂಗಿಲ್ರಿ. ಯಜಮಾನರಿಗಿ ರಾಗ ಭಾಳ ಅದ.”

ಅಪ್ಪನ ಮುಖ ಅರಳಿತು. “ರಾಗ ಅದ ಅಂದ್ರ ಛಲೋನೇ ಆಯ್ತಲ್ರಿ.”

ಕಾಶಪ್ಪನವರಿಗೆ ಗೊಂದಲ. “ಮುಂಜಾನಿ ಎದ್ದಕೂಡ್ಲೆ ಶುರು ಮಾಡ್ತಾರ್ರಿ.”

“ಮುಂಜಾನಿದೇ ಮುಖ್ಯರಿ.”

“ಮನಿಯವರೆಲ್ಲ ಹ್ಯಾಂಗೋ ತಡಕೊಂಡಾರ. ಊರಮಂದಿ ಮಾತ್ರ ದೂರ ನಿಂತು ಕೇಳ್ತಾರ.”

“ದೂರ ಯಾಕ್ರಿ? ನಾ ಆದ್ರ ಬಗಲಾಗೇ ಕೂತು ಕೇಳ್ತೇನಿ,” ಎಂದು ಅಪ್ಪ ಅಲ್ಲೇ ವೀಳ್ಯ ಕೊಟ್ಟುಬಿಟ್ಟ.

ಗಡಿಯ ಕಡೆ ರಾಗ ಎಂದರೆ ಕೋಪ, ರಾಗೀಟ ಎಂದರೆ ಮುಂಗೋಪಿ ಎಂಬುದು ಅಪ್ಪನಿಗೆ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತು. ಭಾಲ್ಕಿಯಲ್ಲಿ ಅಜ್ಜಿಯ ಮನೆಯ ಅಂಗಳದಲ್ಲಿ ಆಡಿ ಬೆಳೆದ ನನಗೂ ಗೊತ್ತಿತ್ತು. ಆದರೆ ಅಪ್ಪ ಮನೆಗೆ ಬಂದು ಆ ಮಾತನ್ನು ಇದ್ದಹಾಗೆ ಹೇಳಲಿಲ್ಲ. “ಬೀಗರು ಭಾಳ ಛಂದ ಹಾಡ್ತಾರಂತ” ಎಂದ. ಹಾಡುವ ಮಾವ ಸಿಕ್ಕರೆ ಬೇಡ ಎನ್ನುವವರು ಯಾರು? ಅವ್ವ ಒಪ್ಪಿದಳು. ನಾನಂತೂ ಮಾವನವರು ತಂಬೂರಿ ಹಿಡಿದು ಕೂತಿರುವುದನ್ನೂ ನಾನು ಹಾಲು ತಂದು ಕೊಡುವುದನ್ನೂ ಕಲ್ಪಿಸಿಕೊಂಡು ಖುಷಿಪಟ್ಟೆ.

ಮದುವೆ ಬೀದರಿನಲ್ಲೇ, ನಮ್ಮ ಮನೆಯ ಮುಂದಿನ ಹಂದರದಲ್ಲಿ ನಡೆಯಿತು. ಅಕ್ಕಿಕಾಳು ಬಿದ್ದು, ಊಟ ಮುಗಿದು, ಗಂಡಸರೆಲ್ಲ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಡಾಬಕಾದಿಂದ ಬಂದವರು ಒಂದು ಕಡೆ, ನಮ್ಮವರು ಒಂದು ಕಡೆ. ನಾನು ಬಾಸಿಂಗ ಕಟ್ಟಿಕೊಂಡು, ತಲೆ ಬಗ್ಗಿಸಿ, ಇವರ, ಅಂದರೆ ನನ್ನ ಗಂಡನ, ಪಕ್ಕದಲ್ಲಿ ಕೂತಿದ್ದೆ. ಅಪ್ಪ ಪೇಟಿಯನ್ನು ಹೊರಿಸಿಕೊಂಡು ಬಂದು ಹಂದರದ ನಡುವೆ ಇಡಿಸಿದ. ಮಾವನವರ ಮುಂದೆ ಕೈಮುಗಿದು ನಿಂತ.

“ಬೀಗರ, ಇನ್ನ ತಡಾ ಮಾಡಬ್ಯಾಡ್ರಿ. ಮಂದಿ ಕಾಯ್ಲತ್ತಾರ. ನಿಮ್ಮ ರಾಗ ಜರಾ ತೋರಸ್ರಿ.”

ಆ ಕಡೆಯವರ ಬಾಯೊಳಗಿನ ಎಲೆ ಅಡಿಕೆ ಅಲ್ಲೇ ನಿಂತಿತು. ಒಬ್ಬ ಮುದುಕರು ಮೆಲ್ಲಗೆ ತಮ್ಮ ರುಮಾಲು ಎತ್ತಿಕೊಂಡು ಕಂಬದ ಹಿಂದೆ ಸರಿದರು.

“ಏನಂದ್ರಿ?” ಎಂದರು ಮಾವನವರು.

“ನಿಮ್ಮ ರಾಗದ ಸುದ್ದಿ ಬೀದರ ತನಕ ಮುಟ್ಯಾದ್ರಿ. ನೋಡ್ರಿ, ಚಿದ್ರಿ ಮಂದಿ ಬಂದಾರ, ನೌಬಾದ ಮಂದಿ ಬಂದಾರ. ಎಲ್ಲಾರೂ ಅದಕ್ಕೇ ಬಂದಾರ.”

ಮಾವನವರು ಎದ್ದು ನಿಂತರು. ಎತ್ತರದ ಆಳು. ಮೀಸೆ ನಡುಗುತ್ತಿತ್ತು. ಅವರು ಮದುವೆಗೆ ಬಂದಾಗಿನಿಂದ, ಈ ದಿನ ಯಾರ ಮೇಲೂ ದನಿ ಎತ್ತಬಾರದೆಂದು ಹಲ್ಲು ಕಚ್ಚಿ ಹಿಡಿದುಕೊಂಡಿದ್ದರಂತೆ. ಮಗನಾದ ಇವರೇ ಮುಂದೆ ನನಗೆ ಹೇಳಿದ್ದು. ಅಂಥ ದಿನವೇ, ಹೆಣ್ಣಿನ ತಂದೆಯೇ, ತುಂಬಿದ ಹಂದರದಲ್ಲಿ ನಿಮ್ಮ ಕೋಪ ತೋರಿಸಿ, ಮಂದಿ ನೋಡಲು ಬಂದಿದ್ದಾರೆ ಎಂದರೆ ಯಾರಿಗೆ ತಾನೆ ತಡೆಯುತ್ತದೆ?

“ಗಾಡಿ ಹೂಡ್ರಿ,” ಎಂದರು ತಮ್ಮ ಮಂದಿಗೆ. “ಹುಡುಗಿ ಇಲ್ಲೇ ಇರ್ಲಿ.”

ಹೆಂಗಸರ ಕಡೆಯಿಂದ ಅವ್ವ “ಅಯ್ಯ ನನ್ನ ಶಿವನೇ” ಅಂದದ್ದು ಕೇಳಿಸಿತು. ಅವಳಿಗೆ ಈಗ ತಿಳಿದಿತ್ತು. ನನಗೂ ತಿಳಿದಿತ್ತು. ಅಪ್ಪ ಮಾತ್ರ ಪೇಟಿಯ ಮೇಲೆ ಕೈ ಇಟ್ಟುಕೊಂಡು, ಹಾಡುಗಾರರಿಗೆ ಇಷ್ಟು ಬಿಗುಮಾನ ಇರುವುದು ಸಹಜ ಎಂಬಂತೆ ಇನ್ನೂ ನಗುತ್ತಿದ್ದ.

ಮದುಮಗಳು ಹಂದರದಲ್ಲಿ ಬಾಯಿ ತೆರೆಯುವುದನ್ನು ಆ ಕಾಲದಲ್ಲಿ ಯಾರೂ ಕಂಡಿರಲಿಲ್ಲ. ನಾನು ಎದ್ದು ನಿಂತೆ. ಧೈರ್ಯದಿಂದ ಎಂದು ಹೇಳಿಕೊಳ್ಳಲು ಆಸೆ. ಆದರೆ ನಿಜಕ್ಕೂ, ಆದ ತಪ್ಪು ತಿಳಿದಿದ್ದ ಇಬ್ಬರಲ್ಲಿ ಅವ್ವ ದೂರ ಹೆಂಗಸರ ಕಡೆ ಇದ್ದಳು, ಮಾವನವರ ಮುಂದೆ ಇದ್ದವಳು ನಾನೊಬ್ಬಳೇ.

“ಮಾವಾರ, ಜರಾ ಕೇಳ್ರಿ. ನಮ್ಮಪ್ಪಗ ಮರಾಠಿ ಬರಂಗಿಲ್ಲ. ನಮ್ಮ ಕಡಿ ರಾಗ ಅಂದ್ರ ಹಾಡೋದು. ನೀವು ಛಂದ ಹಾಡ್ತೀರಿ ಅಂತ ತಿಳಕೊಂಡು ಪೇಟಿ ತಂದಾನ. ನಿಮಗ ಚುಚ್ಚಿ ಅಂದಿದ್ದಲ್ರಿ.”

ಮಾವನವರು ನನ್ನನ್ನು ನೋಡಿದರು, ಪೇಟಿಯನ್ನು ನೋಡಿದರು, ಅಪ್ಪನನ್ನು ನೋಡಿದರು. ಅಪ್ಪನ ನಗು ಈಗ ಕರಗತೊಡಗಿತ್ತು.

“ಹಂಗಾದ್ರ ನಿಮ್ಮ ಕಡಿ ನಂದಕ್ಕ ಏನಂತಾರ?” ಎಂದು ಮಾವನವರು ನನ್ನನ್ನೇ ಕೇಳಿದರು.

“ಸಿಟ್ಟು ಅಂತಾರ್ರಿ, ಸಿಡುಕು ಅಂತಾರ, ಸೆಡವು, ಮುನಿಸು, ಧುಸುಮುಸು... ಭಾಳ ಅವರಿ.”

“ಅದ್ರಾಗ ನಂದು ಯಾವುದು?”

“ನಾ ಇನ್ನಾ ನೋಡಿಲ್ರಿ. ನೋಡಿದ ಮ್ಯಾಲ ಹೇಳ್ತೇನಿ.”

ಅವರ ಕಡೆಯವರೇ ಯಾರೋ ಮೊದಲು ಕಿಸಕ್ಕೆಂದರು. ಆಮೇಲೆ ಹಂದರವೆಲ್ಲ ನಕ್ಕಿತು. ಮಾವನವರು ನಗಲಿಲ್ಲ. ಆದರೆ ಮೀಸೆಯ ನಡುಕ ನಿಂತಿತ್ತು. ಕೂತುಕೊಂಡು, “ಪೇಟಿ ಒಳಗ ಇಡ್ರಿ ಬೀಗರ. ನನಗ ಹಾಡ್ಲಾಕ ಬರಂಗಿಲ್ಲ” ಎಂದರು. ಅಪ್ಪ ಪೇಟಿಯನ್ನು ಒಳಗೆ ಇಡಲಿಲ್ಲ. ಆದ ಮುಜುಗರ ಮುಚ್ಚಲು ತಾನೇ ಕೂತು ಹಾಡತೊಡಗಿದ. ಬಿಸಿಲು ಇಳಿಯುವವರೆಗೂ ಹಾಡಿದ. ಮಾವನವರು ಕದಲದೆ ಕೂತು ಅದನ್ನು ಪೂರ್ತಿ ಕೇಳಿದ್ದೇ ಅವರ ತಾಳ್ಮೆಗೆ ದೊಡ್ಡ ಸಾಕ್ಷಿ ಎಂದು ಅವ್ವ ಎಷ್ಟೋ ವರ್ಷ ಹೇಳುತ್ತಿದ್ದಳು.

ಡಾಬಕಾದಲ್ಲಿ ನಾನು ನೋಡಬೇಕಾದದ್ದನ್ನು ನೋಡಿದೆ. ಮಾವನವರು ಕೆಟ್ಟವರಾಗಿರಲಿಲ್ಲ. ಹೊಲದಲ್ಲಿ ಆಳುಗಳ ಜೊತೆ ಆಳಾಗಿ ದುಡಿಯುತ್ತಿದ್ದರು. ಆದರೆ ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಎತ್ತು ಕಟ್ಟುವ ಮಿಣಿ ಸಿಗದಿದ್ದರೆ ಒಂದು ಕೂಗು, ರೊಟ್ಟಿ ಆರಿದ್ದರೆ ಒಂದು ಕೂಗು, ಮಜ್ಜಿಗೆ ತೆಳ್ಳಗಾದರೆ ಇನ್ನೊಂದು. ಆಡು ಅರಚಿದರೂ ಅದಕ್ಕೆ ಉತ್ತರವಾಗಿ ಮಾವನವರು ಅರಚುತ್ತಿದ್ದರು. ನಮ್ಮತ್ತೆ ಗುಂಡಮ್ಮನವರು ಇದನ್ನೆಲ್ಲ ತಲೆಯ ಮೇಲೆ ಸೆರಗು ಎಳೆದುಕೊಂಡು ಕೇಳುತ್ತಿದ್ದರು. ಅವರ ಬಾಯಿಂದ ‘ಹೂಂ’ ಬಿಟ್ಟು ಬೇರೆ ಮಾತು ಬಂದದ್ದನ್ನು ನಾನು ಬಂದ ಹೊಸತರಲ್ಲಿ ಕೇಳಲೇ ಇಲ್ಲ. ಒಲೆಯ ಮುಂದೆ ನಾವಿಬ್ಬರೇ ಇದ್ದಾಗಲೂ ಪಿಸುಮಾತು.

ನಾನು ಅವ್ವನ ಮಗಳಲ್ಲವೇ, ನೋಡುತ್ತಾ ಹೋದೆ. ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಸರಕಾರದ ಜವಾನ ಊರಿಗೆ ಬಂದರೆ ಮಾವನವರ ದನಿಯೇ ಬದಲಾಗುತ್ತಿತ್ತು. “ಜೀ ಹುಜೂರ್, ಬರ್ರಿ ಹುಜೂರ್” ಎಂದು ಕಟ್ಟೆಯ ಮೇಲೆ ಕಂಬಳಿ ಹಾಸುತ್ತಿದ್ದರು. ಅವನು ನಮ್ಮ ತುಪ್ಪದ ಗಡಿಗೆ ಎತ್ತಿಸಿಕೊಂಡು ಹೋದರೂ “ಜೀ” ಎನ್ನುತ್ತಿದ್ದರು. ಅವನು ಊರು ದಾಟಿ ಹೋದ ಮೇಲೆ ಒಳಗೆ ಕೂಗು ಶುರು.

ಒಂದು ದಿನ ಆ ಜವಾನ ಊರ ಮಂದಿಯ ಮುಂದೆ ಮಾವನವರನ್ನು ಏಕವಚನದಲ್ಲಿ ಬೈದ. ಅವರು ತಲೆ ಬಗ್ಗಿಸಿ ಕೇಳಿಸಿಕೊಂಡು ಮನೆಗೆ ಬಂದರು. ಅತ್ತೆ ಆಗಷ್ಟೇ ಬಾವಿಯಿಂದ ನೀರು ತಂದು ಕೊಡ ಇಳಿಸಿದ್ದರು. ಮಾವನವರು ಅದನ್ನು ಒದ್ದರು. ಮಣ್ಣಿನ ಕೊಡ ಒಡೆದು ನೀರೆಲ್ಲ ಅಂಗಳಕ್ಕೆ ಹರಿಯಿತು. ಅತ್ತೆ ಬಗ್ಗಿ ಚೂರುಗಳನ್ನು ಸೆರಗಿಗೆ ಹಾಕಿಕೊಳ್ಳತೊಡಗಿದರು. ಬಾವಿ ಹತ್ತಿರ ಇರಲಿಲ್ಲ. ಬೇಸಿಗೆ ಬೇರೆ.

ನನ್ನ ಬಾಯಿ ತಡೆಯಲಿಲ್ಲ.

“ಮಾವಾರ, ಲಗ್ನದಾಗ ಒಂದು ಮಾತು ಕೇಳಿದ್ರಿ. ಈಗ ಹೇಳ್ಲೇನ್ರಿ?”

ಇವರು ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬೇಡ ಬೇಡ ಎಂದರು. ಮಾವನವರು, “ಹೇಳು” ಎಂದರು.

“ನಿಮ್ಮದಕ್ಕ ಸಿಟ್ಟು ಅನ್ಲಾಕ ಬರಂಗಿಲ್ರಿ. ಯಾರ ಮ್ಯಾಲ ಬರಬೇಕೋ ಅವರ ಮ್ಯಾಲ ಬಂದ್ರ ಅದು ಸಿಟ್ಟು. ಜವಾನನ ಮ್ಯಾಲ ಬಂದಿದ್ದು ಅತ್ತಿಯವರ ಕೊಡದ ಮ್ಯಾಲ ಬಿದ್ರ, ಅದಕ್ಕ ನಮ್ಮ ಕಡಿ ಸಿಡುಕು ಅಂತಾರ.”

ಮಾವನವರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೊಲಕ್ಕೆ ಹೋದರು. ಆಮೇಲೆ ನನ್ನ ಕೂಡ ಮಾತಿಲ್ಲ. ಬುತ್ತಿ ಹೊಲಕ್ಕೇ ಹೋಗುತ್ತಿತ್ತು. ಮನೆಯಲ್ಲಿ ಕೂಗು ಇಲ್ಲ ಎಂಬುದೇ ಎಲ್ಲರಿಗೂ ಹೆಚ್ಚಿನ ಹೆದರಿಕೆಯಾಯಿತು. ನನ್ನನ್ನು ಬೀದರಿಗೆ ಕಳಿಸಿಬಿಡುತ್ತಾರೆ ಎಂದು ಊರ ಹೆಂಗಸರು ಬಾವಿಯ ಹತ್ತಿರ ಮಾತಾಡಿಕೊಂಡರು. ಇವರು ಸಮಾಧಾನ ಹೇಳಲು ಬಂದು, “ನೀ ಹೋದ್ರ ನಾನೂ ಬರ್ತೇನಿ ತಗೋ” ಎಂದರು. ನಿಮ್ಮ ಮುಂದೆ ಹೇಳಲು ಸಂಕೋಚವಿಲ್ಲ, ಆ ಮಾತು ಕೇಳಿ ನನಗೆ ಜಗಳಾಡಿದ್ದು ಸಾರ್ಥಕ ಅನ್ನಿಸಿತು.

ಅಷ್ಟರಲ್ಲಿ ಮೃಗಶಿರ, ನಮ್ಮ ಕಡೆಯ ಮಿರಗದ ಮಳೆ ಬಿತ್ತು. ಹೆಸರು, ಉದ್ದು ಬಿತ್ತಲು ನೆಲ ಹದವಾಗಿತ್ತು. ಊರಲ್ಲಿ ಎಲ್ಲರೂ ಕೂರಿಗೆ ತೊಳೆದು, ಎತ್ತುಗಳಿಗೆ ಹಿಂಡಿ ಹಾಕಿ ತಯಾರಾಗಿದ್ದರು. ಆ ದಿನವೇ ಜವಾನ ಬಂದ. ಯಾರೋ ದೊಡ್ಡ ಸಾಹೇಬರು ದೌರೆಗೆ, ಅಂದರೆ ಊರೂರು ತಪಾಸಣೆಗೆ ಬಂದು ನಮ್ಮೂರ ಹತ್ತಿರದ ಬಯಲಲ್ಲಿ ಡೇರೆ ಹಾಕಿದ್ದರು. ಅವರ ಸಾಮಾನು ಭಾಲ್ಕಿಗೆ, ಅಲ್ಲಿಂದ ಬೀದರಿಗೆ ಸಾಗಿಸಲು ಊರಿನ ಗಾಡಿ, ಎತ್ತು ಎಲ್ಲ ಬೇಗಾರಿಗೆ ಬರಬೇಕು. ಬಿಟ್ಟಿ ಕೆಲಸ. ಹೋದ ಎತ್ತು ಯಾವಾಗ ತಿರುಗಿ ಬರುತ್ತದೆಂದು ಹೇಳುವವರಿಲ್ಲ. ಅಷ್ಟರಲ್ಲಿ ಹದ ಆರಿಹೋಗುತ್ತದೆ.

ಜವಾನ ಮೊದಲು ನಮ್ಮ ಮನೆಗೇ ಬಂದ. ಎಲ್ಲಕ್ಕಿಂತ ಸುಲಭದ ಮನೆ ಅದೇ ಎಂದು ಅವನಿಗೆ ಗೊತ್ತಿತ್ತು. ಮಾವನವರು ಕಟ್ಟೆಯ ಮೇಲೆ ಕೂತಿದ್ದರು. ಕಂಬಳಿ ಹಾಸಲಿಲ್ಲ.

“ಎತ್ತು ಕೊಡಂಗಿಲ್ಲ,” ಎಂದರು.

ಜವಾನ ತನಗೆ ಸರಿಯಾಗಿ ಕೇಳಿಸಲಿಲ್ಲ ಎಂಬಂತೆ ನೋಡಿದ.

“ಬಿತ್ತೋದು ಅದ. ಕೊಡಂಗಿಲ್ಲ. ನಿನಗ ಹೇಳಿದ್ರ ತಿಳಿಯಂಗಿಲ್ಲ, ನಿಮ್ಮ ಸಾಹೇಬರಿಗಿ ಹೇಳ್ತೇನಿ. ನಡಿ.”

ಅವರು ರುಮಾಲು ಸುತ್ತಿಕೊಂಡು ನಡೆದೇಬಿಟ್ಟರು. ಇವರು ಹಿಂದೆ ಓಡಿದರು. ಊರ ಗಂಡಸರು ಒಬ್ಬೊಬ್ಬರಾಗಿ ಅವರ ಹಿಂದೆ ಹೊರಟರು. ಅತ್ತೆ ಬಾಗಿಲಿಗೆ ಬಂದು ನಿಂತು ನನ್ನ ಕೈ ಹಿಡಿದುಕೊಂಡರು. ಹಿಡಿದು ಒಯ್ದು ಎಲ್ಲಿ ಕೂಡಿಹಾಕಿದರೂ ಕೇಳುವವರಿಲ್ಲದ ಕಾಲ ಅದು. ನಾನು ಆಡಿದ ಮಾತಿನ ಭಾರ ಆಗ ತಿಳಿಯಿತು.

ಅಲ್ಲಿ ನಡೆದದ್ದನ್ನು ಇವರ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. ಡೇರೆಯ ಸುತ್ತ ಬೇರೆ ಊರುಗಳಿಂದ ಹಿಡಿದು ತಂದ ಗಾಡಿಗಳು ಸಾಲಾಗಿ ನಿಂತಿದ್ದವು. ಗಾಡಿಯವರು ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಸಾಹೇಬರನ್ನು ನೋಡಲು ಹಂತಹಂತದ ಕಾವಲು. ಯಾರೂ ಒಳಗೆ ಬಿಡಲಿಲ್ಲ. ಮಾವನವರು ಬಿಡಿ ಎಂದು ಬೇಡಲಿಲ್ಲ. ಅಲ್ಲೇ ನಿಂತು ಕೂಗಿದರು. ಎಷ್ಟೋ ವರ್ಷ ಮನೆಯ ಮಂದಿಯ ಮೇಲೆ, ಆಡಿನ ಮೇಲೆ, ಮಜ್ಜಿಗೆಯ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು. ಅದಕ್ಕೆ ಡೇರೆಯ ಬಟ್ಟೆ ಯಾವ ಲೆಕ್ಕ? ಒಳಗೆ ಚಹಾ ಕುಡಿಯುತ್ತಿದ್ದ ಸಾಹೇಬರು ಬಟ್ಟಲು ಹಿಡಿದೇ ಹೊರಗೆ ಬಂದರು.

“ಇತ್ನಾ ಗುಸ್ಸಾ ಕಾಯಕೂ?” ಎಂದು ಕೇಳಿದರು. ಇಷ್ಟು ಕೋಪ ಏಕೆ ಎಂದು.

“ಗುಸ್ಸಾ ಅಲ್ರಿ ಸಾಹೇಬ್ರ, ಸಿಟ್ಟು,” ಎಂದರು ಮಾವನವರು. “ಮಿರಗದ ಮಳಿ ಬಿದ್ದದ. ಹದ ನಮಗೋಸ್ಕರ ಕಾಯಂಗಿಲ್ಲ. ನಿಮ್ಮ ಪಲ್ಲಂಗ ನಾಳಿ ಹೋದ್ರ ನಡೀತದ, ನಮ್ಮ ಬೀಜ ನಾಳಿ ಹೋದ್ರ ನಡ್ಯಂಗಿಲ್ಲ. ಇಲ್ಲಿ ಕೂತಾರಲ್ಲ, ಇವರೆಲ್ಲಾರದೂ ಇದೇ ಮಾತು. ಅವರು ಹೆದರ್ಯಾರ, ಅದಕ್ಕ ನಾ ಹೇಳ್ಲತ್ತೇನಿ.”

ಒಬ್ಬ ಕಾರಕೂನ ಅದನ್ನು ನಡುಗುತ್ತ ಉರ್ದುವಿಗೆ ತಿರುಗಿಸಿ ಹೇಳಿದ. ಸಾಹೇಬರು ಆಕಾಶ ನೋಡಿದರು, ಸಾಲಾಗಿ ನಿಂತ ಗಾಡಿಗಳನ್ನು ನೋಡಿದರು. ಬಿತ್ತನೆಯ ಹೊತ್ತಿನಲ್ಲಿ ಇಷ್ಟು ಗಾಡಿ ಯಾರು ತರಿಸಿದ್ದು ಎಂದು ತಮ್ಮವರನ್ನೇ ಕೇಳಿದರು. ಬಟ್ಟಲಿನಲ್ಲಿ ಉಳಿದ ಚಹಾ ಚೆಲ್ಲಿ, “ಛೋಡ್ ದೋ ಸಬ್‌ಕೂ”, ಎಲ್ಲರನ್ನೂ ಬಿಟ್ಟುಬಿಡಿ ಎಂದು ಹೇಳಿ ಒಳಗೆ ಹೋದರು.

ಮಧ್ಯಾಹ್ನ ನಾವು ಗಾಡಿಗಳ ಸದ್ದು ಕೇಳಿದೆವು. ಮೊದಲು ಗೆಜ್ಜೆ, ಆಮೇಲೆ ಮಂದಿಯ ಕೂಗು. ಬೇರೆ ಊರುಗಳ ಗಾಡಿಗಳು ತಮ್ಮ ಹಾದಿ ಬಿಟ್ಟು ಡಾಬಕಾದ ಮೇಲೆಯೇ ಹಾದು ಹೋಗುತ್ತಿದ್ದವು. ಮುಂದಿನ ಗಾಡಿಯಲ್ಲಿ ನಮ್ಮ ಮಾವನವರನ್ನು ಎತ್ತಿ ಕೂರಿಸಿದ್ದರು. ಅವರು ಮಾತ್ರ, ಎಲ್ಲರೂ ಸುಮ್ಮನೆ ಹೊತ್ತು ಕಳೆಯುತ್ತಿದ್ದಾರೆ ಎಂಬಂತೆ ಮುಖ ಗಂಟು ಹಾಕಿಕೊಂಡಿದ್ದರು. ಮನೆಯ ಮುಂದೆ ಇಳಿದವರೇ ನನ್ನ ಕಡೆ ನೋಡಿ, “ಯವ್ವಾ, ಬೀಜ ತಾ” ಎಂದರು. ಎಷ್ಟೋ ದಿನಗಳ ಮೇಲೆ ಅವರು ನನಗೆ ಆಡಿದ ಮೊದಲ ಮಾತು ಅದು. ನನ್ನನ್ನು ಯವ್ವಾ ಎಂದು ಕರೆದದ್ದೂ ಅದೇ ಮೊದಲು.

ಊರಿಗೆ ಊರೇ ಹೊಲಕ್ಕೆ ಹೊರಟಿತು. ಮೋಡ ಒಡೆದು ಬಿಸಿಲು ಬಿದ್ದಿತ್ತು, ಕಪ್ಪು ನೆಲದಿಂದ ಉಗಿ ಏಳುತ್ತಿತ್ತು. ನಮ್ಮ ಹೊಲದಲ್ಲಿ ಮಾವನವರು ಕೂರಿಗೆ ಹಿಡಿದರು. ಅತ್ತೆ ಉಡಿಯಲ್ಲಿ ಹೆಸರು ಕಟ್ಟಿಕೊಂಡು, ಕೂರಿಗೆಯ ಬಟ್ಟಲಿಗೆ ಮುಷ್ಟಿಮುಷ್ಟಿಯಾಗಿ ಬೀಜ ಬಿಡುತ್ತಾ ಹಿಂದೆ ನಡೆದರು. ನಾನು ಬದುವಿನ ಮೇಲೆ ಬೀಜದ ಚೀಲದ ಹತ್ತಿರ ನಿಂತಿದ್ದೆ. ಅಕ್ಕಪಕ್ಕದ ಹೊಲದವರೆಲ್ಲ ಕೆಲಸದ ನಡುವೆಯೂ ಮಾವನವರ ಕಡೆಗೇ ನೋಡುತ್ತಿದ್ದರು. ಮಾವನವರಿಗೂ ಅದು ಗೊತ್ತಿತ್ತು. ಅವರು ಎದೆ ಮುಂದೆ ಮಾಡಿ, ಆ ಕಡೆ ಈ ಕಡೆ ನೋಡುತ್ತಾ ನಡೆಯುತ್ತಿದ್ದರು. ಕೂರಿಗೆ ಮೆಲ್ಲಗೆ ಎಡಕ್ಕೆ ಎಳೆಯತೊಡಗಿತು.

ಆಗ ನಮ್ಮತ್ತೆಯ ದನಿ ಮೂರು ಹೊಲಕ್ಕೂ ಕೇಳುವ ಹಾಗೆ ಎದ್ದಿತು.

“ಕಣ್ಣು ಎಲ್ಲಿ ಇಟ್ಟೀರಿ? ಸಾಲು ಸೊಟ್ಟ ಹೊಂಟದ.”

ಎತ್ತುಗಳೇ ಒಂದು ಕ್ಷಣ ನಿಂತವು. ಮಾವನವರು ಹಿಂದಕ್ಕೆ ತಿರುಗಿ ಹೆಂಡತಿಯನ್ನು ನೋಡಿದರು. ಅತ್ತೆ ಸೆರಗು ಎಳೆದುಕೊಳ್ಳಲಿಲ್ಲ, ಬೀಜದ ಮುಷ್ಟಿ ಹಿಡಿದುಕೊಂಡು ಹಾಗೇ ನೋಡುತ್ತಾ ನಿಂತರು.

ಮಾವನವರು ಎತ್ತಿನ ಹಗ್ಗ ಬಲಕ್ಕೆ ಎಳೆದು, ಸಾಲು ನೆಟ್ಟಗೆ ಮಾಡಿಕೊಂಡು ಮುಂದೆ ನಡೆದರು.